ಹಿಂದಕ್ಕೆ ಹೋದ ಅಲೆಗಳು

ಮೊಳೆಯಿಂದ ಫೋಟೊ ಇಳಿಸಿ, ಅಂಗೈಯಿಂದ ಗಾಜು ಒರೆಸಿ, ಮಗಳು ಅದನ್ನು ಲೈಟ್‌ಬಾಯ್ ಮಾಮನ ಮುಂದೆ ಹಿಡಿದಳು.

"ಮಾಮ, ಇದು ಯಾವ ಊರಿನ ಕಡಲು? ಅಪ್ಪನ ಬೂದಿ ಅಲ್ಲೇ ಬಿಡ್ಬೇಕು. ಅಮ್ಮ ಇದ್ದಾಗ ನಾವು ಮೂರು ಜನ ಒಟ್ಟಿಗೆ ಹೋಗಿದ್ದು ಅಲ್ಲಿಗೆ ಮಾತ್ರ."

ಅಪ್ಪನನ್ನು ಬೆಂಕಿಗೆ ಒಪ್ಪಿಸಿ ಎಲ್ಲರೂ ಆಗಷ್ಟೇ ಮನೆಗೆ ಮರಳಿದ್ದರು. ಅಪ್ಪ ಸಿನಿಮಾ ಸ್ಟುಡಿಯೊದಲ್ಲಿ ಪರದೆಯ ಹಿಂದೆ ನಿಂತು ಪ್ರೊಜೆಕ್ಟರಿನಿಂದ ಅದರ ಮೇಲೆ ರಸ್ತೆ, ಬೆಟ್ಟ, ಬಯಲು ಓಡಿಸುತ್ತಿದ್ದರು. ಪರದೆಯ ಮುಂದೆ, ನಿಂತಲ್ಲೇ ನಿಂತ ಕಾರಿನಲ್ಲಿ, ನಾಯಕ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಅಲ್ಲೇ ದೀಪ ಹಿಡಿದು ಅಪ್ಪನ ಜೊತೆ ದುಡಿದ ಮಾಮ ತಲೆ ನೆರೆತರೂ ಎಲ್ಲರ ಬಾಯಲ್ಲಿ ಲೈಟ್‌ಬಾಯ್ ಆಗಿಯೇ ಉಳಿದವರು.

"ಊರಿಗೆಲ್ಲ ಕಾರು ಓಡಿಸ್ದ ನಮ್ಮಣ್ಣ," ಎಂದರು ಚಿಕ್ಕಪ್ಪ. "ನನ್ನ ಮದುವೆಗೆ ಬರೋವಾಗ ಮಾತ್ರ ಬಸ್ಸು ತಪ್ಪಿಸ್ಕೊಂಡ."

ಯಾರೋ ನಕ್ಕರು. ಮಾಮ ನಗಲಿಲ್ಲ.

"ನಿಮ್ಮಪ್ಪ ಹೇಳಿರ್ಲಿಲ್ವಾ?"

"ಏನು?"

"ಅದು ಕಡಲಲ್ಲ ಕಣಮ್ಮ. ನಮ್ಮ ಸ್ಟುಡಿಯೊ."

ಫೋಟೊ ಅವಳ ಕೈಯಲ್ಲಿ ವಾಲಿತು. "ಸುಮ್ನಿರಿ ಮಾಮ. ನಾನೇ ನಿಂತಿದ್ದೀನಿ ಅಲ್ಲಿ. ಕಾಲಿಗೆ ಮರಳು ಅಂಟಿತ್ತು. ಮುಖಕ್ಕೆ ನೀರು ಹಾರ್ತಿತ್ತು."

"ಮರಳು ಸೆಟ್ಟಿಂದು, ಗಾಳಿ ಫ್ಯಾನಿಂದು. ನೀರು ಹಾರಿಸಿದ್ದು ನಾನು, ಗಿಡಕ್ಕೆ ಔಷಧಿ ಹೊಡೆಯೋ ಪಂಪಲ್ಲಿ."



* * *

ಆಗ ಕಾಯಿಲೆ ಬಿದ್ದಿದ್ದ ಅಮ್ಮನಿಗೆ ಪ್ರಯಾಣ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಅವಳಿಗೆ ಉಳಿದಿದ್ದದ್ದು ಕಡಲು ನೋಡುವ ಆಸೆಯೊಂದೇ. ರಜೆಯ ದಿನ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅಪ್ಪ ಇಬ್ಬರನ್ನೂ ಸ್ಟುಡಿಯೊಗೆ ಕರೆತಂದರು. ಮಗು ಕಣ್ಣು ಬಿಟ್ಟಾಗ ಎದುರಿಗೆ ಅಲೆಗಳಿದ್ದವು.

ರೀಲು ಚಿಕ್ಕದು. ಮುಗಿಯುತ್ತ ಬಂದಾಗ ಅಮ್ಮ, "ಇನ್ನೂ ಸ್ವಲ್ಪ ಹೊತ್ತು ಇರ್ಲಿ ಕಣ್ರೀ" ಎಂದಳು. ಮೊದಲಿಂದ ಹಾಕಬೇಕೆಂದರೆ ಪರದೆ ಕತ್ತಲಾಗಬೇಕಿತ್ತು. ಅಪ್ಪ ಪ್ರೊಜೆಕ್ಟರನ್ನು ಹಿಂದಕ್ಕೆ ಓಡಿಸಿದರು. ದಡದಲ್ಲಿ ಒಡೆದ ಅಲೆಗಳೆಲ್ಲ ಕೂಡಿಕೊಂಡು, ಎದ್ದು, ಕಡಲಿಗೆ ಮರಳಿದವು.

* * *

"ಅಲೆ ಹಿಂದಕ್ಕೆ ಹೋಗ್ತಿದ್ವು," ಎಂದಳು ಮಗಳು. "ಸ್ಕೂಲಲ್ಲಿ ಹೇಳಿದ್ರೆ ಎಲ್ಲ ನಕ್ಕಿದ್ರು. ಅಪ್ಪ ಮಾತ್ರ ನಗ್ಲಿಲ್ಲ."

"ಆ ಸ್ಟುಡಿಯೊನೂ ಈಗಿಲ್ಲ," ಎಂದರು ಮಾಮ.

"ಹಾಗಾದ್ರೆ ಬೂದಿ ಎಲ್ಲಿ ಬಿಡೋದು?" ಎಂದರು ಚಿಕ್ಕಪ್ಪ.

ಮಗಳಿಗೆ ಅದು ಕೇಳಿಸಲಿಲ್ಲ. "ಈ ಫೋಟೊ ತೆಗೆದಿದ್ದು ಅಪ್ಪ ಅಲ್ವಾ?"

"ನಾನು."

"ಮತ್ತೆ ಅಪ್ಪ ಎಲ್ಲಿದ್ರು?"

ಮಾಮ ಗಾಜಿನ ಮೇಲೆ ಬೆರಳಿಟ್ಟರು. ಅಮ್ಮನ ಹೆಗಲಾಚೆ, ಅಲೆಗಳ ನಡುವೆ, ದುಂಡನೆಯ ಬೆಳಕಿತ್ತು. ಮನೆಯವರೆಲ್ಲ ಇಷ್ಟು ವರ್ಷ ಅದನ್ನು ಸೂರ್ಯ ಎಂದುಕೊಂಡಿದ್ದರು.

"ಪ್ರೊಜೆಕ್ಟರಿನ ದೀಪ ಅದು. ಅದರ ಹಿಂದೆ ನಿಮ್ಮಪ್ಪ."

ಮಗಳು ಫೋಟೊ ತಿರುಗಿಸಿದಳು. ಕಂದು ರಟ್ಟು, ತುಕ್ಕು ಹಿಡಿದ ಮೊಳೆಗಳು. ಆ ಬೆಳಕು ಇರಬಹುದಾದ ಜಾಗ ಹುಡುಕಿ, ರಟ್ಟಿನ ಮೇಲೆ ಅಂಗೈ ಇಟ್ಟಳು.