ಅಪ್ಪನ ಸೀಟಿನ ಕೆಳಗಿನ ಕಟೌಟ್

ನಮ್ಮ ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂಬ ವಿಷಯ ಅಪ್ಪನೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತು. ಜೀವಮಾನವೆಲ್ಲ ಲಾರಿ ಓಡಿಸಿದವರು; ಪಕ್ಕದಲ್ಲೇ ಗುಡುಗುವ ಎಂಜಿನ್ ಅವರ ಕಿವಿಯನ್ನು ನಿಧಾನವಾಗಿ ತಿಂದು ಮುಗಿಸಿತು. ಹಾಗೆಂದು ಒಪ್ಪಿಕೊಂಡರೆ ಅವರು ನಮ್ಮ ಅಪ್ಪ ಹೇಗಾದಾರು? ಎದುರಿಗಿದ್ದವರ ತುಟಿ ನೋಡಿ, ಉಳಿದರ್ಧ ಊಹಿಸಿ, "ಕೇಳಿಸ್ತು, ಕೇಳಿಸ್ತು, ಕಿರುಚಬೇಡಿ" ಎನ್ನುತ್ತಾರೆ. ಜಾಣಕಿವುಡರು ಮನೆಗೊಬ್ಬರು ಸಿಗುತ್ತಾರೆ. ಕಿವುಡಾಗಿದ್ದೂ ಜಾಣತನದಿಂದ ಕೇಳಿಸಿಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾವೂ ಅದಕ್ಕೆ ತಕ್ಕ ಹಾಗೆ ಕುಣಿಯುತ್ತೇವೆ. ಫೋನ್ ಬಂದರೆ ಅಮ್ಮ ಎತ್ತುವುದಿಲ್ಲ, ಮೊದಲು ಅಪ್ಪನಿಗೆ ಕಾಣುವ ಹಾಗೆ ಅದರ ಕಡೆಗೊಮ್ಮೆ ನೋಡುತ್ತಾಳೆ. ಅಪ್ಪ ತಕ್ಷಣ, "ಫೋನ್ ಬಡ್ಕೊಳ್ತಾ ಇದೆ, ನಿಂಗೆ ಕೇಳಿಸಲ್ವಾ?" ಎಂದು ಗದರುತ್ತಾರೆ. "ಅಯ್ಯೋ, ಕೇಳಿಸ್ಲೇ ಇಲ್ಲ ನೋಡಿ" ಎಂದು ಅಮ್ಮ ಎದ್ದು ಹೋಗುತ್ತಾಳೆ. ಈ ನಾಟಕ ಎಷ್ಟೋ ವರ್ಷದಿಂದ ನಡೆಯುತ್ತಿದೆ, ಒಂದು ದಿನವೂ ರಜೆ ಇಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನು ನನ್ನ ತಮ್ಮ. ಕಡ್ಡಿಗೆ ಅಂಗಿ ತೊಡಿಸಿದ ಹಾಗಿದ್ದಾನೆ, ಆದರೂ ಮನೆಯಲ್ಲಿ ಅವನ ಹೆಸರು ಗುಂಡ. ವಯಸ್ಸಾಗುತ್ತಾ ಬಂತು, ಹೆಣ್ಣು ನೋಡೋಣ ಎಂದರೆ ಅವನು ಗುಜರಿಯಿಂದ ಎರಡು ಸಾಲು ಸೀಟಿನ ಒಂದು ಹಳೇ ಪಿಕಪ್ ಟ್ರಕ್ ಎಳೆದು ತಂದ. ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ, ಅಗಲದ ಟೈರು ಹಾಕಿದ, ಎಡಕ್ಕೊಂದು ಬಲಕ್ಕೊಂದು ಹೊಗೆ ಪೈಪು ಎಳೆದ. ಸೈಲೆನ್ಸರ್ ಮಾತ್ರ ಹಾಕಲಿಲ್ಲ. ಅವನು ಮೊದಲ ಸಲ ಗಾಡಿ ಚಾಲೂ ಮಾಡಿದಾಗ ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡು ಹೊರಗೆ ಬಂದು ನಿಂತರು. ಅಪ್ಪನೂ ಬಾಗಿಲಿಗೆ ಬಂದರು, ಜನರ ಮುಖ ನೋಡಿದರು, ವಿಷಯ ತಿಳಿಯಿತು.

"ನಂಗೂ ಕೇಳಿಸ್ತು," ಎಂದರು. "ಇನ್ನೊಂದು ಸಲ ಈ ಸದ್ದು ನನ್ನ ಕಿವಿಗೆ ಬಿತ್ತೋ, ಗಾಡಿ ಮೊಟ್ಟೆ ವ್ಯಾಪಾರಿಗೆ."

ಗಾಡಿಯ ಕಾಗದಪತ್ರ ಅಪ್ಪನ ಹೆಸರಿನಲ್ಲಿತ್ತು. ಮೊಟ್ಟೆ ವ್ಯಾಪಾರಿ ಮರುದಿನವೇ ಬಂದು ಹಿಂದಿನ ತೊಟ್ಟಿಯಲ್ಲಿ ಎಷ್ಟು ಕ್ರೇಟು ಹಿಡಿಯುತ್ತದೆ ಎಂದು ಅಳೆದುಕೊಂಡು ಹೋದ. ಗುಂಡ ಆ ದಿನ ಊಟ ಮಾಡಲಿಲ್ಲ. ಅಪ್ಪ ಮಾತೆತ್ತಿದರೆ ಮಾಡಿಯೇ ತೀರುವವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ನನ್ನದು ಸೈಲೆನ್ಸರ್ ಅಂಗಡಿ. ಹರಿದ ಪೈಪಿಗೆ ತೇಪೆ, ಹೊಸ ಪೈಪಿಗೆ ಬಾಗು, ಎಲ್ಲ ಬೆಸುಗೆ ಕೆಲಸ ನಾನೇ ಮಾಡುತ್ತೇನೆ. ತಮ್ಮನ ಗಾಡಿಗೆ ದಪ್ಪ ಸೈಲೆನ್ಸರ್ ಹಾಕಿ ಬಾಯಿ ಮುಚ್ಚಿಸಿದವಳೂ ನಾನೇ. ಅಂದಿನಿಂದ ಗಾಡಿ ಸಭ್ಯವಾಯಿತು, ತಮ್ಮ ಮಂಕಾದ. ಕೊನೆಗೊಂದು ಮಧ್ಯಾಹ್ನ ಗಾಡಿಯ ಸಮೇತ ಅಂಗಡಿಗೆ ಬಂದ.

"ಅಕ್ಕಾ, ಎರಡೂ ಪೈಪಿಗೆ ಕಟೌಟ್ ಹಾಕ್ಕೊಡೇ. ನನ್ನಾಣೆ."

ಕಟೌಟ್ ಎಂದರೆ ಚಿತ್ರಮಂದಿರದ ಮುಂದೆ ನಿಲ್ಲಿಸುವ ನಾಯಕನ ಚಿತ್ರವಲ್ಲ. ಹೊಗೆ ಪೈಪಿನ ನಡುವೆ ಕವಲಿನ ಹಾಗೆ ಒಂದು ತುಂಡು ಸೇರಿಸಿ, ಕವಲಿನ ಬಾಯಿಗೆ ಮೋಟಾರಿನಿಂದ ತಿರುಗುವ ಮುಚ್ಚಳ ಇಡುತ್ತೇವೆ. ಮುಚ್ಚಿದ್ದರೆ ಹೊಗೆ ಸೈಲೆನ್ಸರಿಗೆ ಹೋಗಿ ಮೆತ್ತಗೆ ಹೊರಬೀಳುತ್ತದೆ. ಸ್ವಿಚ್ ಒತ್ತಿ ತೆರೆದರೆ ಸೈಲೆನ್ಸರಿನ ಗೊಡವೆಯೇ ಇಲ್ಲದೆ ಅಲ್ಲಿಂದಲೇ ನುಗ್ಗುತ್ತದೆ, ಸದ್ದಿನ ಸಮೇತ. ಮನೆ ಮುಂದೆ ಮೊಲ, ಖಾಲಿ ರಸ್ತೆಯಲ್ಲಿ ಹುಲಿ.

"ಎಲ್ಲಿ ಹಾಕ್ಲಿ?" ಎಂದೆ.

"ಎಂಜಿನ್ ಹತ್ರಾನೇ ಹಾಕು, ಜೋರಾಗಿರತ್ತೆ."

"ಹಾಕ್ತೀನಿ. ಅಲ್ಲಿ ಹೊಗೆ ಅಳೆಯೋ ಸೆನ್ಸರ್‌ಗೆ ಹೊರಗಿನ ಗಾಳಿ ಬಡಿದು ತಲೆಕೆಟ್ಟು, ಎಂಜಿನ್ ಸುಮ್ ಸುಮ್ನೆ ಪೆಟ್ರೋಲ್ ಕುಡಿಯತ್ತೆ. ಆಮೇಲೆ ನನ್ನ ಹತ್ರ ಅಳ್ತಾ ಬರಬೇಡ."

"ಹಾಗಾದ್ರೆ ಸ್ವಲ್ಪ ಹಿಂದೆ, ಕ್ಯಾಬಿನ್ ಕೆಳಗೆ?"

"ಹೊಗೆ ಒಳಗೆ ಬರತ್ತೆ, ನೆಲ ಕಾಯತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ನೆಲ ಅದುರತ್ತೆ. ಅಪ್ಪನ ಕಿವಿ ಹೋಗಿರಬಹುದು ಕಣೋ, ಪಾದ ಹೋಗಿಲ್ಲ."

ಗುಂಡನ ಮುಖ ಸಪ್ಪಗಾಯಿತು. ಭಾನುವಾರ ಮಾರುಕಟ್ಟೆಗೆ ಹೋಗುವಾಗ ಅಪ್ಪ ಮುಂದಿನ ಸೀಟಿನಲ್ಲೇ ಕೂರುತ್ತಾರೆ. ಆ ಪಾದಗಳಿಗೆ ಚಕ್ರದ ನಟ್ಟು ಸಡಿಲವಾದರೂ ಗೊತ್ತಾಗುತ್ತದೆ. ಕೊನೆಗೆ ಸರಿಯಾದ ಜಾಗ ಒಂದೇ ಉಳಿಯಿತು: ಸೆನ್ಸರುಗಳನ್ನೆಲ್ಲ ದಾಟಿ, ಸೈಲೆನ್ಸರಿಗಿಂತ ಮುಂಚೆ, ಕ್ಯಾಬಿನ್ ಮುಗಿದ ಮೇಲೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪಿನಿಂದ ದೂರ. ಬಾಯಿ ಹಿಂದಕ್ಕೆ ಓರೆಯಾಗಿ. ರಸ್ತೆಯ ಉಬ್ಬಿಗೆ ತಗುಲದಷ್ಟು ಎತ್ತರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮರುದಿನ ಬೆಳಗ್ಗೆ ಗುಂಡ ಬರುವ ಮೊದಲೇ ಗಾಡಿಯನ್ನು ಲಿಫ್ಟಿಗೆ ಏರಿಸಿ ಡ್ರೈವರ್ ಕಡೆಯ ಪೈಪಿಗೆ ಬೆಸುಗೆ ಮುಗಿಸಿದ್ದೆ. ಮುಖದ ಗುರಾಣಿ ಎತ್ತಿ ನೋಡಿದರೆ ಎದುರಿಗೆ ಅಪ್ಪ! ಕೈ ಹಿಂದೆ ಕಟ್ಟಿಕೊಂಡು, ಕತ್ತೆತ್ತಿ ಗಾಡಿಯ ಹೊಟ್ಟೆ ನೋಡುತ್ತ ನಿಂತಿದ್ದರು.

"ಇದೇನಿದು?"

"ಪೈಪ್ ಸೋರ್ತಾ ಇತ್ತು ಅಪ್ಪ. ತೇಪೆ ಹಾಕ್ತಿದೀನಿ."

"ತೇಪೆಗೆ ಮೋಟಾರ್ ಯಾಕೆ?"

ನಾನು ಮೋಟಾರಿಗೆ ಕೈ ಅಡ್ಡ ಹಿಡಿದೆ.

"ನನ್ನ ಕಿವಿ ಮೇಲೆ ಹೂ ಇಡಬೇಡ ಮಗಳೇ," ಎಂದರು. "ನೀನು ಹುಟ್ಟೋಕೆ ಮುಂಚೆಯಿಂದ ಗಾಡಿ ಕೆಳಗೆ ಮಲಗಿದವನು ನಾನು."

ಮುಗಿಯಿತು, ತಮ್ಮನ ಗಾಡಿ ಮೊಟ್ಟೆ ಹೊರಲು ಹೋಯಿತು ಎಂದುಕೊಂಡೆ. ಅಪ್ಪ ಬೈಯಲಿಲ್ಲ. ಗಾಡಿಯಡಿಯಲ್ಲೇ ಎರಡು ಹೆಜ್ಜೆ ಮುಂದೆ ಹೋಗಿ, ತಾವು ಕೂರುವ ಸೀಟಿನ ಕೆಳಗಿನ ತಗಡಿಗೆ ಅಂಗೈ ಒತ್ತಿ ನಿಂತರು.

"ಇನ್ನೊಂದನ್ನ ಇಲ್ಲಿ ಹಾಕು."

"ಅಲ್ಲಿ ಹಾಕಬಾರದು ಅಪ್ಪ. ಹೊಗೆ ಬರತ್ತೆ, ಬಿಸಿ ಆಗತ್ತೆ, ಅದುರತ್ತೆ."

"ಬಾಯನ್ನ ಹೊರಗಡೆ ತಿರುಗಿಸು, ಹೊಗೆ ಬರಲ್ಲ. ಬಿಸಿಗೆ ಒಂದು ತಗಡು ಹೊಡಿ." ಸ್ವಲ್ಪ ತಡೆದು, "ಅದುರ್ಲಿ ಬಿಡು," ಎಂದರು. "ಸ್ವಿಚ್ಚೂ ನನ್ನ ಸೀಟಿನ ಪಕ್ಕಕ್ಕೇ ಇರಲಿ. ನಿನ್ನ ತಮ್ಮನಿಗೆ ಹೇಳಕೂಡದು."

"ಯಾಕಪ್ಪ?"

"ಕೇಳಿಸ್ತು, ಕೇಳಿಸ್ತು," ಎನ್ನುತ್ತ ಹೊರಟೇಹೋದರು.

ಅತ್ತ ದರಿ, ಇತ್ತ ಪುಲಿ. ಕಳ್ಳನನ್ನು ಹಿಡಿಯುವವರಿಗೆ ಸ್ವಂತ ಸ್ವಿಚ್ ಯಾಕೆ ಬೇಕು? ಅಥವಾ ತಾವೇ ಒತ್ತಿ, "ನೋಡು, ಕೇಳಿಸ್ತು" ಎಂದು ಗಾಡಿ ಮಾರುವ ಹಂಚಿಕೆಯೋ? ಅದಕ್ಕೂ ಹೇಸುವವರಲ್ಲ. ಆದರೆ ನಾನು ಅಂಗಡಿ ಇಟ್ಟ ಮೇಲೆ ಅಪ್ಪ ನನ್ನನ್ನು ಒಂದು ಕೆಲಸ ಕೇಳಿದ್ದು ಇದೇ ಮೊದಲು. ಇಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಎರಡನೆಯದನ್ನು ಅವರು ಹೇಳಿದ ಜಾಗಕ್ಕೇ ಬೆಸೆದು, ಬಿಸಿ ತಡೆಯುವ ತಗಡಿನಿಂದ ಮರೆ ಮಾಡಿ, ಸ್ವಿಚ್ಚನ್ನು ಅವರ ಸೀಟಿನ ಪಕ್ಕದಲ್ಲಿ ಕಾಣದ ಹಾಗೆ ಕೂರಿಸಿ, ಗುಂಡನಿಗೆ, "ಇನ್ನೊಂದರ ಮೋಟಾರ್ ಬಂದಿಲ್ಲ ಕಣೋ, ಸದ್ಯಕ್ಕೆ ಒಂದರಲ್ಲೇ ಸಂಸಾರ ಮಾಡು" ಎಂದೆ. ಒಂದೇ ಬೆಳಗ್ಗೆ ಅಪ್ಪನಿಗೊಂದು ಸುಳ್ಳು, ಮಗನಿಗೊಂದು ಸುಳ್ಳು.

ಭಾನುವಾರ ಬಂತು. ಗುಂಡ ಸ್ಟೇರಿಂಗಿನಲ್ಲಿ, ಅಪ್ಪ ಅವನ ಪಕ್ಕದಲ್ಲಿ, ನಾನೂ ಅಮ್ಮನೂ ಹಿಂದಿನ ಸೀಟಿನಲ್ಲಿ. ಅಪ್ಪ ಕೂತವರೇ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿದರು. ಅದನ್ನು ಕಂಡಿದ್ದು ನಾನೊಬ್ಬಳೇ.

ಗೋದಾಮುಗಳ ಸಾಲು ಮುಗಿದು ಅಗಲವಾದ ಖಾಲಿ ರಸ್ತೆ ಸಿಕ್ಕಿತು. ಗುಂಡ ಕನ್ನಡಿಯಲ್ಲಿ ನನಗೆ ಕಣ್ಣು ಹೊಡೆದು ತನ್ನ ಸ್ವಿಚ್ ಒತ್ತಿದ. ಹಿಂದಿನಿಂದ ಗರ್ಜನೆ ಎದ್ದಿತು ನೋಡಿ! ಅಮ್ಮ ಬೆಚ್ಚಿ ಬಿದ್ದಳು, ಕೈ ಕಿವಿಯವರೆಗೆ ಹೋಯಿತು, ನಾಟಕ ನೆನಪಾಗಿ ಅಲ್ಲಿಂದಲೇ ಕೂದಲು ಸರಿಮಾಡಿಕೊಂಡಳು. ಆಮೇಲೆ ಮುಂದಕ್ಕೆ ಬಾಗಿ, ತುಟಿ ಕಾಣುವ ಹಾಗೆ, "ಗಾಡಿ ಎಷ್ಟು ಮೆತ್ತಗೆ ಹೋಗ್ತಾ ಇದೆ, ಅಲ್ವಾ ರೀ?" ಎಂದಳು.

"ಹೂಂ," ಎಂದು ಅಪ್ಪ ಕಿಟಕಿಯಾಚೆ ನೋಡಿದರು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗಿತ್ತು ಗುಂಡನ ಮುಖ. ಅಷ್ಟರಲ್ಲಿ ಅಪ್ಪನ ಕೈ ಸೀಟಿನ ಪಕ್ಕಕ್ಕೆ ಇಳಿಯಿತು.

ನೆಲ ನಡುಗಿತು. ಸೀಟು ನಡುಗಿತು, ಬಾಗಿಲು ನಡುಗಿತು, ನನ್ನ ಹಲ್ಲುಗಳು ಒಂದಕ್ಕೊಂದು ಬಡಿದವು. ಪೈಪೇ ಕಿತ್ತುಬಿದ್ದಿತೆಂದು ಗುಂಡ ಕಂಗಾಲಾಗಿ ಸ್ವಿಚ್ ಆರಿಸಿದ, ಗರ್ಜನೆ ನಿಲ್ಲಲಿಲ್ಲ. ಅಪ್ಪ ಮಾತ್ರ ಬರಿಗಾಲನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಅವರ ಕೈ ತೊಡೆಯ ಮೇಲೆ ಇಲ್ಲದ ಗೇರು ಹಿಡಿದಿತ್ತು.

"ಎಂಜಿನ್ ಕೇಳ್ತಾ ಇದೆ, ಗೇರ್ ಬದಲಾಯ್ಸೋ!" ಎಂದು ಕೂಗಿದರು.

ಎಂಜಿನ್ ಗೇರು ಕೇಳುವ ಹೊತ್ತು ಸರಿಯಾಗಿ ಅದೇ, ಅಪ್ಪನ ಪಾದಕ್ಕೆ ಅದು ತಿಳಿದಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನನ್ನ ತಮ್ಮ. ಗಾಡಿಯನ್ನು ಬದಿಗೆ ನಿಲ್ಲಿಸಿಬಿಟ್ಟ. ಅಪ್ಪನ ಕಡೆ ಪೂರ್ತಿ ತಿರುಗಿದ; ಅಳು ಬಂದಿತ್ತು.

"ಅಪ್ಪ, ತಪ್ಪಾಯ್ತು. ಕಟೌಟ್ ಹಾಕ್ಸಿದ್ದು ನಾನೇ. ಸದ್ದು ನಿಮ್ಗೆ ಕೇಳಿಸ್ತು ಅಂತ ಗೊತ್ತಾಯ್ತು. ದಯವಿಟ್ಟು ಗಾಡಿ ಮಾರಬೇಡಿ."

ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ನನಗೆ ಆಗ ಹೊಳೆಯಿತು, ಅಪ್ಪ ತಾವೇ ತೋಡಿದ ಗುಂಡಿಯ ಅಂಚಿನಲ್ಲಿ ಕೂತಿದ್ದಾರೆ. ಕೇಳಿಸಿತು ಎಂದರೆ ಕೊಟ್ಟ ಮಾತಿನಂತೆ ಗಾಡಿ ಮಾರಬೇಕು. ಕೇಳಿಸಲಿಲ್ಲ ಎಂದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ ಹೋಗುತ್ತದೆ. ಅವರ ಬಾಯಿಂದ ಆ ಎರಡನೆಯ ಮಾತು ಬಂದದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಅಪ್ಪ ಮಗನ ಮುಖ ನೋಡಿದರು. ಹಿಂದೆ ತಿರುಗಿ ಅಮ್ಮನನ್ನು ನೋಡಿದರು.

"ಇಲ್ಲ ಕಣೋ," ಎಂದರು. "ನಂಗೇನೂ ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳಿಸಲ್ಲ."

"ಅಯ್ಯೋ, ಕೇಳಿಸತ್ತೆ ರೀ!" ಎಂದು ಅಮ್ಮ ಅಭ್ಯಾಸಬಲದಿಂದ ಅಂದುಬಿಟ್ಟಳು. ಅಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಆ ಮೊಂಡು ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

"ಸುಮ್ನಿರೇ," ಎಂದರು ಅಪ್ಪ ಅಮ್ಮನಿಗೆ. ಆಮೇಲೆ ಮಗನಿಗೆ, "ಕೇಳಿಸದೇ ಇರೋ ಸದ್ದಿಗೆ ಯಾರಾದ್ರೂ ಗಾಡಿ ಮಾರ್ತಾರಾ? ನಡಿ. ನಿಂದೂ ಒತ್ತು."

"ನಂದೂ ಅಂದ್ರೆ?"

"ನಂದು ಆಗ್ಲೇ ತೆರೆದಿದೆ," ಎಂದು ಪಾದಗಳನ್ನು ನೆಲಕ್ಕೆ ಇನ್ನಷ್ಟು ಅಗಲವಾಗಿ ಊರಿದರು.

ಗುಂಡ ನಿಧಾನವಾಗಿ ಹಿಂದೆ ತಿರುಗಿ ನನ್ನನ್ನು ನೋಡಿದ. ನಾನು ಕಿಟಕಿಯಾಚೆ ನೋಡತೊಡಗಿದೆ.