ಇನ್ನೂ ಒಣಗುತ್ತಿರುವ ಬಟ್ಟಲು

ಇನ್‌ಸ್ಪೆಕ್ಟರು ಬರುತ್ತಿರುವುದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸವೆಸಿ ನಿವೃತ್ತರಾದ ಮೇಲೂ ಅವರು ಬಿಡದ ಕಂದು ಕೋಟಿಗೆ ನಾಲ್ಕು ಜೇಬು. ಹಿಂದೆ ಪರೀಕ್ಷೆಯ ತೂಕದ ಬಟ್ಟುಗಳಿರುತ್ತಿದ್ದ ಆ ಜೇಬುಗಳಲ್ಲಿ ಈಗ ಒಡೆದ ತಟ್ಟೆ, ಬಸಿ, ಟೈಲ್ಸುಗಳ ಚೂರುಗಳಿರುತ್ತಿದ್ದವು, ಬಣ್ಣಕ್ಕೊಂದು ಜೇಬಿನಂತೆ. ನಡೆದರೆ ಝಣಝಣ. ಕುಳಿತರೆ ಒಂದು ದೊಡ್ಡ ಝಣ್, ಅದರ ಬೆನ್ನಿಗೇ ಒಂದು ಸಣ್ಣ 'ಅಮ್ಮಾ'.

ಹಿತ್ತಲಿನ ತೋಟದಲ್ಲಿ ಹಕ್ಕಿಗಳು ನೀರು ಕುಡಿಯಲೊಂದು ಸಿಮೆಂಟಿನ ಬಟ್ಟಲು, ಅದರೊಳಗೆ ಚೂರುಗಳನ್ನು ಕೂಡಿಸಿದ ಒಂದು ನೀಲಿ ಹೂವು ಮಾಡಬೇಕೆಂಬ ಹುಚ್ಚು ಅವರಿಗೆ ಹಿಡಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವರು ಕೈಯಾರೆ ಮಾಡಿದ್ದು ಸಹಿಯೊಂದನ್ನೇ. ಗಟ್ಟಿಯಿರುವ ವಸ್ತುವನ್ನು ಬೇಕೆಂದು ಒಡೆಯಬಾರದು, ತಾನಾಗಿ ಒಡೆದದ್ದನ್ನಷ್ಟೇ ಎತ್ತಿಕೊಳ್ಳಬೇಕು ಎಂಬುದು ಅವರು ತಮಗೆ ತಾವೇ ಹೊರಡಿಸಿಕೊಂಡ ಸುತ್ತೋಲೆ. ಹೀಗಾಗಿ ಊರಿನವರ ಕೈ ಜಾರುವುದನ್ನೇ ಕಾಯಬೇಕಾಯಿತು. ಟೀ ಅಂಗಡಿಯಲ್ಲಿ ಏನಾದರೂ ಬಿದ್ದು ಒಡೆದರೆ ಉಳಿದವರು 'ಅಯ್ಯೋ' ಎನ್ನುತ್ತಿದ್ದರು. ಇವರು 'ಯಾವ ಬಣ್ಣ?' ಎನ್ನುತ್ತಿದ್ದರು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ದನಿಯೇರಿಸಿದರೆ ಕಾಂಪೌಂಡಿನ ಪಕ್ಕದ ಗಿಡಗಳಿಗೆ ಅಂದು ಎರಡು ಪಾಲು ನೀರು.

ಮೂರು ತಿಂಗಳಲ್ಲಿ ಬಿಳಿ, ಕೆಂಪು, ಹಳದಿ ಸಿಕ್ಕವು. ನೀಲಿ ಮಾತ್ರ ಸಿಗಲಿಲ್ಲ. ನೀಲಿಯಿದ್ದದ್ದು ಹೆಂಡತಿಯ ಟೀ ಕಪ್ಪಿನಲ್ಲಿ. ಆಕೆಯ ತಾಯಿ ಕೊಟ್ಟ ಆರರಲ್ಲಿ ಉಳಿದ ಒಂದೇ ಒಂದು ಅದು. ಆಕೆ ಅದನ್ನು ತಾವೇ ತೊಳೆದು ತಾವೇ ಒಳಗಿಡುತ್ತಿದ್ದರು.

"ರೀ, ಕಣ್ಣು ತೆಗೀರಿ ಅದರ ಮೇಲಿಂದ. ನೀವು ನೋಡೋ ರಭಸಕ್ಕೇ ಬಿರುಕು ಬಿಡುತ್ತೆ."

ಆ ಕಪ್ಪು ಒಂದು ಬೆಳಿಗ್ಗೆ, ಇನ್‌ಸ್ಪೆಕ್ಟರು ಮನೆಯಲ್ಲೇ ಇಲ್ಲದಾಗ, ಸಿಂಕಿನಲ್ಲಿ ಆಕೆಯ ಕೈಯಲ್ಲೇ ಒಡೆಯಿತು. ಅಂದು ಮಾತ್ರ ಅವರು ಬಣ್ಣ ಕೇಳಲಿಲ್ಲ. ನಾಲ್ಕು ದಿನ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟುಕೊಂಡಿದ್ದ ಚೂರುಗಳನ್ನು ಆಕೆ ಐದನೆಯ ದಿನ ತಂದು ಎದುರಿಗಿಟ್ಟರು.

"ಹೂವಿಗೇ ಹಾಕಿ, ಅಂಚಿಗಲ್ಲ. ಹಾಳು ಮಾಡಿದ್ರೋ, ನಿಮ್ಮನ್ನೇ ಒಡೆದು ಅಂಟಿಸ್ತೀನಿ."

ಐದು ಎಸಳು ಕೂತವು. ಸಂದಿಗಳನ್ನು ತುಂಬಲು ಅವರು ಸಿಮೆಂಟ್ ಪುಡಿ ಕಲಸಿ ಇಡೀ ಬಟ್ಟಲಿಗೆ ಬಳಿದರು. 'ಇಪ್ಪತ್ತನಾಲ್ಕು ಗಂಟೆ ಬಿಡಿ' ಎಂದು ಪೊಟ್ಟಣದ ಮೇಲಿತ್ತು. ಬರೆದ ನಿಯಮವನ್ನು ಒಂದು ಗುಂಜಿಯಷ್ಟೂ ಮೀರದವರು ಗಡಿಯಾರ ನೋಡಿ ಬಿಟ್ಟರು. ಮರುದಿನ ಅದೇ ನಿಮಿಷಕ್ಕೆ ಸ್ಪಂಜು ಒದ್ದೆಮಾಡಿ ಒರೆಸಿದರು. ಸ್ಪಂಜು ಹರಿಯಿತು. ಹೂವು ಬೂದು ಕಲ್ಲಿನೊಳಗೆ ಹೂತುಹೋಗಿತ್ತು.

ಎದುರು ಮನೆಗೆ ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿ ಬಂದು ಬೆರಳಿನಿಂದ ಕುಟ್ಟಿ ನೋಡಿದ.

"ಬಳಿದು ಕಾಲು ಗಂಟೆಗೇ ಒರೆಸ್ಬೇಕಿತ್ತಲ್ಲ ಸಾರ್!"

"ಇಪ್ಪತ್ತನಾಲ್ಕು ಗಂಟೆ ಅಂತ ಬರೆದಿದ್ದಾರಲ್ಲಪ್ಪ."

"ಅದು ನೆಲದ ಮೇಲೆ ಓಡಾಡೋಕೆ ಸಾರ್. ನೀವು ಇದರೊಳಗೆ ವಾಕಿಂಗ್ ಹೋಗ್ತೀರಾ? ಎಸೀರಿ, ಹೊಸದು ಮಾಡ್ಕೊಳ್ಳಿ."

ಹೊಸ ಬಟ್ಟಲನ್ನೇನೋ ಮಾಡಬಹುದಿತ್ತು. ಹೊಸ ಅತ್ತೆಯನ್ನು ಎಲ್ಲಿಂದ ತರುವುದು?

ಬಟ್ಟಲಿನ ಮೇಲೆ ಗೋಣಿಚೀಲ ಬಿತ್ತು. ಅಂಗಡಿಯವರ ಅರ್ಧ ಗ್ರಾಮಿನ ಸುಳ್ಳನ್ನೂ ಸಹಿಸದ ಮನುಷ್ಯ ಹೆಂಡತಿಗೆ ದಿನಕ್ಕೆರಡು ಸಲ 'ಒಣಗ್ತಾ ಇದೆ' ಎನ್ನತೊಡಗಿದರು. ಮಧ್ಯಾಹ್ನ ಆಕೆ ಮಲಗಿದಾಗ ಮೊಳೆ ಮತ್ತು ಹಳೆಯ ಹಲ್ಲಿನ ಬ್ರಷ್ಷು ಹಿಡಿದು ಕೆರೆಯುತ್ತಿದ್ದರು. ಹನ್ನೊಂದನೆಯ ದಿನ ಆಕೆ ಹಿತ್ತಲಿಗೆ ಬಂದರು.

"ಇಷ್ಟು ದಿನಕ್ಕೆ ಸಮುದ್ರಾನೇ ಒಣಗ್ತಿತ್ತಲ್ರೀ," ಎಂದು ಚೀಲ ಎಳೆದರು.

ಬೂದು ಬಟ್ಟಲಿನ ನಡುವೆ ಒಂದೂವರೆ ನೀಲಿ ಎಸಳು. ಕಳ್ಳ ತೂಕದೊಂದಿಗೆ ಸಿಕ್ಕಿಬಿದ್ದ ಅಂಗಡಿಯವರು ಹೇಗೆ ನಿಲ್ಲುತ್ತಾರೆಂಬುದನ್ನು ಇನ್‌ಸ್ಪೆಕ್ಟರು ನೂರಾರು ಸಲ ನೋಡಿದ್ದರು. ಈಗ ಹಾಗೆಯೇ ನಿಂತರು. ಆಕೆ ಬಟ್ಟಲಿನ ಎದುರು ಕುಕ್ಕರಗಾಲಿನಲ್ಲಿ ಕೂತರು. ಆಮೇಲೆ ತಲೆಯಿಂದ ಪಿನ್ನು ಕಿತ್ತರು.

"ಆಚೆ ಸರೀರಿ. ಮೊಳೆಯಲ್ಲಿ ಕೆರೆದ್ರೆ ಹೂವು ಉಳಿಯುತ್ತಾ?"

ಹೂವು ಪೂರ್ತಿ ಹೊರಬರಲು ಒಂದು ತಿಂಗಳು ಹಿಡಿಯಿತು. ಒಂದು ಎಸಳಿಗೆ ಮೊಳೆಯ ಗೀರು ಉಳಿದೇ ಉಳಿಯಿತು. ಬಟ್ಟಲಿನ ಮಿಕ್ಕ ಭಾಗ ಈಗಲೂ ಬೂದು. ಅದೇಕೆ ಹಾಗೆ ಎಂದು ಬಂದವರು ಕೇಳಿದರೆ ಇನ್‌ಸ್ಪೆಕ್ಟರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳುತ್ತಾರೆ: "ಒಣಗ್ತಾ ಇದೆ."

ಕಸುಬು ಬಲ್ಲವರಿಗೆ ಕೆಟ್ಟದ್ದನ್ನು ಎಸೆಯುವುದೂ ಗೊತ್ತಿರುತ್ತದೆ. ಎಸೆದು, ಕೈ ಕೊಡವಿ, ಇನ್ನೊಂದನ್ನು ಶುರುಮಾಡುತ್ತಾರೆ. ತಲೆ ನರೆತ ಮೇಲೆ ಕಲಿಯಹೊರಟ ಇವರಂಥವರಿಗೆ ಆ ಪಾಠ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಒಂದೇ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೆರೆಯುತ್ತ ಕೂರುತ್ತಾರೆ. ಲೋಕದಲ್ಲಿ ಅತ್ತೆಯಂದಿರ ಕಪ್ಪುಗಳು ಅಷ್ಟಿಷ್ಟಾದರೂ ಉಳಿದಿದ್ದರೆ, ಅದು ಕಸುಬು ಬಾರದ ಇಂಥವರ ಕೈಯಲ್ಲೇ.