ಮಾರ್ಗಶಿರದ ಉಪ್ಪು ಒಣಗಿತ್ತು

ದೀಪಾವಳಿ ಅಮಾವಾಸ್ಯೆಯ ಸಂಜೆ ನಾಲ್ಕು ಎಕ್ಕದ ಎಲೆಗಳ ಮೇಲೆ ನಾಲ್ಕು ಹರಳು ಕಲ್ಲುಪ್ಪು ಇಟ್ಟು, ಮೇಲೆ ಮಂಕರಿ ಬುಟ್ಟಿ ಕವುಚಿ, ಬೆಳಿಗ್ಗೆ ತೆಗೆದು ನೋಡುವುದು ಪುಟ್ಟನಂಜಮ್ಮನ ಮನೆಯ ಪದ್ಧತಿ. ಎಡಗಡೆಯಿಂದ ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ. ಯಾವ ಹರಳು ನೀರು ಬಿಟ್ಟಿದೆಯೋ ಆ ತಿಂಗಳು ಮೋಡ, ಮಳೆ. ಯಾವುದು ಒಣಗಿದೆಯೋ ಆ ತಿಂಗಳು ಬರೀ ಚಳಿ. ಗೆಟ್ಟವಾಡಿಯ ಜನ ಅವರೆ ಕೊಯ್ಯುವುದು, ಹುರುಳಿ ಕೀಳುವುದು, ಮದುವೆಗೆ ಚಪ್ಪರ ಹಾಕುವುದು, ಎಲ್ಲಕ್ಕೂ ಆ ಹಿತ್ತಿಲಿಗೆ ಬಂದು ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು. ಅತ್ತೆ ಚಿಕ್ಕಲಕ್ಷ್ಮಮ್ಮ ಕಣ್ಣು ಮಂಜಾದ ವರ್ಷ ಮಂಕರಿಯನ್ನು ಸೊಸೆಯ ಕೈಗೆ ಕೊಟ್ಟಿದ್ದಳು. ಅಲ್ಲಿಂದೀಚೆಗೆ ಮೂವತ್ತೊಂದು ಚಳಿಗಾಲ ಕಳೆದಿವೆ.

ಈ ವರ್ಷ ಮಂಕರಿ ಎತ್ತಿದಾಗ ಕಾರ್ತಿಕದ ಹರಳು ಅರ್ಧ ಕರಗಿ ಎಲೆಯ ನರದುದ್ದಕ್ಕೂ ನೀರು ಹರಿದಿತ್ತು. ಮಾರ್ಗಶಿರದ್ದು ಸುಣ್ಣದ ಕಲ್ಲಿನ ಹಾಗೆ ಒಣಗಿ ಕೂತಿತ್ತು. ಹೇಳಿದಂತೆಯೇ ಕಾರ್ತಿಕದ ಮೊದಲ ಎರಡು ವಾರ ಬಿಟ್ಟು ಬಿಟ್ಟು ಸೋನೆ ಹಿಡಿಯಿತು, ಆಮೇಲೆ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು. ಊರವರು ಎಂದಿನಂತೆ ತಲೆದೂಗಿದರು.

ಕಾರ್ತಿಕ ಮುಗಿಯಲು ನಾಲ್ಕು ದಿನ ಇದೆ ಎನ್ನುವಾಗ ಮಾದಿ ಬಂದಳು. ಹಿತ್ತಿಲ ಬೇಲಿಯ ಆಚೆಯೇ ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅವ್ವಾರೇ, ತುಪ್ಪಟ ಕತ್ರಿಸೋರು ಕೊಳ್ಳೇಗಾಲದ ಕಡೆಯಿಂದ ಬಂದವ್ರೆ. ಶನಿವಾರ ನಮ್ಮೂರು. ಈಗ ಬುಟ್ರೆ ಇನ್ನು ಸಂಕ್ರಾಂತಿ ಆದ್ಮೇಲೇನೇ ಅಂತಾವ್ರೆ. ಕುರಿಗೆ ಕತ್ರಿಸ್ಲಾ, ಬ್ಯಾಡ್ವಾ?"

"ನಿನ್ನ ಗಂಡ ಏನಂತಾನಮ್ಮಿ?"

"ಅವನೇನಂದಾನು! ಉಣ್ಣಿ ಕಿತ್ತು ಕಿತ್ತು ಬೆಳ್ಳು ಸವ್ದೋದೋ ಅಂತಾನೆ. ಕುರೀಗಿಂತ ಮುಂಚೆ ನಂಗೇ ಕತ್ರಿಸ್ಬುಡಿ, ನನ್ನ ತಲೇಗೂ ಅತ್ಕಂಡವೆ ಅಂತಾನೆ."

ಇಬ್ಬರೂ ನಕ್ಕರು. ಆದರೆ ಕೇಳಿದ್ದು ನಗುವ ಮಾತಲ್ಲ. ಮಾದಿ ಹನ್ನೆರಡು ವರ್ಷ ಬೇರೆಯವರ ಹೊಲದಲ್ಲಿ ಸೊಂಟ ಬಗ್ಗಿಸಿ ಕೂಲಿ ಮಾಡಿದವಳು. ಪುಟ್ಟನಂಜಮ್ಮನ ನೆರೆಮನೆಯ ಪುಟ್ಟಬಸಪ್ಪನ ಎರಡು ಹೆಣ್ಣುಕುರಿಗಳನ್ನು ಪಾಲಿಗೆ ಸಾಕಿ, ತನ್ನ ಪಾಲಿನ ಮರಿಗಳನ್ನು ಬೆಳೆಸಿ, ಈಗ ಹದಿನೇಳು ಕುರಿಗಳ ಒಡತಿ. ಎರಡು ವರ್ಷದಿಂದ ಕೂಲಿಗೆ ಹೋಗಿರಲಿಲ್ಲ. ಕರೆಯಲು ಬಂದವರಿಗೆ, "ನಮ್ಮ ಕುರಿ ಯಾರು ನೋಡ್ತಾರೆ?" ಎಂದು ಬಾಯಿ ತುಂಬ ಹೇಳಿ ಕಳಿಸುತ್ತಿದ್ದಳು. ತುಪ್ಪಟ ತೆಗೆದ ಕುರಿ ಒಣ ಚಳಿಯನ್ನು ಒಂದಕ್ಕೊಂದು ಒತ್ತಿಕೊಂಡು ಹೇಗೋ ತಡೆಯುತ್ತದೆ. ನೆನೆದರೆ ತಡೆಯುವುದಿಲ್ಲ. ಹತ್ತು ದಿನವಾದರೂ ಅದರ ಮೈಗೆ ಮಳೆ ತಾಗಬಾರದು. ಮಾದಿಯ ದೊಡ್ಡಿಗೋ ಮುಳ್ಳುಬೇಲಿ ಬಿಟ್ಟರೆ ಮೇಲೆ ಚಾವಣಿ ಇಲ್ಲ.

"ಕಾರ್ತಿಕದ್ದು ಏನಿತ್ತೋ ಸುರಿದು ಮುಗೀತು ಕಣಮ್ಮಿ," ಎಂದಳು ಪುಟ್ಟನಂಜಮ್ಮ. "ಮುಂದಿನ ತಿಂಗಳ ಉಪ್ಪು ಒಣಗಿ ಕುಂತದೆ. ಕತ್ರಿಸು."

ಶುಕ್ರವಾರ ಸಂಜೆ ಪುಟ್ಟನಂಜಮ್ಮನ ಮಗ ಶಿವಮೂರ್ತಿ ಕಣದಲ್ಲಿದ್ದ ರಾಗಿ ಮೆದೆಯ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಿದ್ದ. ನಾಲ್ಕು ಮೂಲೆಗೂ ಹಗ್ಗ ಬಿಗಿದು, ಕಲ್ಲು ಕಟ್ಟುತ್ತಿದ್ದ.

"ಯಾಕ್ಲಾ ಇದು?"

"ಫೋನಲ್ಲಿ ಪುಯಲ್, ಚಂಡಮಾರುತ ಅಂತ ಬತ್ತಾದೆ ಕಣವ್ವ. ಮದ್ರಾಸ್ ತಾವ ಸಮುದ್ರದಲ್ಲಿ ಸುತ್ತಾ ಅದಂತೆ."

"ಮೊನ್ನೇನೂ ಅಂಗೇ ಅಂದಿತ್ತು. ಒಂದು ಅನಿ ಬಿತ್ತಾ?"

"ಬೀಳ್ನಿಲ್ಲ. ಮೂರು ಸತಿ ಸುಳ್ಳು ಏಳ್ಬುಟ್ಟದೆ ಈ ಫೋನು. ನಾಕ್ನೇ ಸತಿ ನಿಜ ಏಳ್ಬುಟ್ರೆ? ಟಾರ್ಪಾಲು ಮನೇಲಿ ಸುಮ್ನೆ ಬಿದ್ದದೆ, ಒದಿಸೋಕೆ ಏನು ಕಷ್ಟ?"

"ಉಪ್ಪು ಒಣಗಿ ಕುಂತದೆ ಅಂತ ಊರಿಗೆಲ್ಲ ಏಳಿವ್ನಿ ಕಣ್ಲಾ. ನೋಡ್ದೋರು ಏನಂದಾರು?"

"ಇಲಿ ಕಾಟ ಅಂತ ಏಳು," ಎಂದು ಮಗ ನಕ್ಕು ಇನ್ನೊಂದು ಗಂಟು ಬಿಗಿದ.

ಅಷ್ಟರಲ್ಲಿ ದಾರಿಯಲ್ಲಿ ಧೂಳೆದ್ದಿತು. ಮಾದಿ ಕುರಿ ಹೊಡೆದುಕೊಂಡು ದೊಡ್ಡಿಗೆ ಮರಳುತ್ತಿದ್ದಳು. ತುಪ್ಪಟ ತುಂಬಿದ ಕುರಿಗಳು ಇಳಿಬಿಸಿಲಿನಲ್ಲಿ ಮೋಟು ಮೋಟು ಮೋಡದ ಹಾಗೆ ಕಾಣುತ್ತಿದ್ದವು. ಅವಳು ಕಣದ ಹತ್ತಿರ ನಿಂತಳು. ಮೆದೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕವ್ವಾರೇ, ಮೆದೆಗೆ ಟಾರ್ಪಾಲು?"

ಶಿವಮೂರ್ತಿ ಮೆದೆಯ ಆ ಮಗ್ಗುಲಿಗೆ ಹೋಗಿದ್ದ. ಉತ್ತರ ಕೊಡಬೇಕಾದವಳು ಪುಟ್ಟನಂಜಮ್ಮನೇ. ಫೋನಿನಲ್ಲಿ ಹೀಗೆ ಬಂದಿದೆಯಂತೆ, ಎರಡು ದಿನ ತಡಿ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗೆಂದರೆ ಮೂವತ್ತೊಂದು ವರ್ಷದ ಮಾತನ್ನು ಮಗನ ಕೈಯಲ್ಲಿನ ಫೋನಿನ ಮುಂದೆ ತಲೆ ಬಗ್ಗಿಸಿ ನಿಲ್ಲಿಸಿದ ಹಾಗೆ.

"ಇಲಿ ಕಾಟ ಕಣಮ್ಮಿ," ಎಂದಳು.

ಮಾದಿ ಕಲ್ಲು ಕಟ್ಟಿದ ಹಗ್ಗದ ಮೇಲೆ ಕಣ್ಣಾಡಿಸಿದಳು. "ಓ," ಎಂದಳು. ಕುರಿ ಹೊಡೆದುಕೊಂಡು ಹೋದಳು.

ಶನಿವಾರ ಮಧ್ಯಾಹ್ನದೊಳಗೆ ಹದಿನೇಳೂ ಕುರಿಗಳು ಬೆತ್ತಲೆಯಾದವು. ಇಳಿಹೊತ್ತಿಗೆ ಮೂಡಲ ಗಾಳಿ ಎದ್ದಿತು. ಕತ್ತಲಾಗುವಾಗ ಹನಿ. ಆಮೇಲೆ ಭಾನುವಾರ ಇಡೀ ಹಗಲು ಮಳೆ, ಗಾಳಿ, ಮಳೆ. ತಾಳಮಲೆಯ ಕಡೆಯ ಬೆಟ್ಟಗಳು ಎಲ್ಲಿದ್ದವೆಂದೇ ತಿಳಿಯದ ಹಾಗೆ ಮೋಡ ಊರಿನ ಮೇಲೆ ಕವುಚಿಕೊಂಡಿತು. ಪುಟ್ಟನಂಜಮ್ಮ ಒಲೆ ಮುಂದೆ ಕೂತಿದ್ದಳು. ಮಗ ಒಮ್ಮೆ ಕಣಕ್ಕೆ ಹೋಗಿ ನೋಡಿ ಬಂದು, "ಮೆದೆಗೆ ಏನೂ ಆಗಿಲ್ಲ ಕಣವ್ವ," ಎಂದ. ಅವಳು ಅವನ ಮುಖ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ತಡೆಯಲಾರದೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಟಳು. ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತಿತ್ತು. ದೊಡ್ಡಿಯ ಬೇಲಿಯ ಹೊರಗೆ ಹನ್ನೊಂದು ಕುರಿಗಳನ್ನು ಸಾಲಾಗಿ ಮಲಗಿಸಿದ್ದರು. ಚರ್ಮದ ಮೇಲೆ ಕತ್ತರಿಯ ಗೆರೆಗಳು ಇನ್ನೂ ಹೊಸದಾಗಿದ್ದವು. ಒಂದರ ಮೈಮೇಲೆ ಮಾದಿಯ ಹಸಿರು ಸೀರೆ ಇತ್ತು, ಅದರ ಪಕ್ಕದ್ದರ ಮೇಲೆ ಗಂಡನ ಕಂಬಳಿ. ಹೊದಿಸಿದ್ದನ್ನು ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಬದುಕಿದ ಆರನ್ನು ಗುಡಿಸಲಿನೊಳಗೆ ತುಂಬಿಕೊಂಡಿದ್ದರು. ಮಾದಿಯ ಗಂಡ ಶಿವಮಲ್ಲು ಒಂದರ ಮೈಯನ್ನು ಹುಲ್ಲಿನಿಂದ ತಿಕ್ಕುತ್ತಲೇ ಇದ್ದ. ತಲೆ ಎತ್ತಲಿಲ್ಲ.

ಮಾದಿ ಹೊರಗೆ ಬಂದಳು. ಅವಳ ತುಟಿ ಕಪ್ಪಾಗಿತ್ತು.

"ನೀವ್ಯಾಕವ್ವಾರೇ ಈ ಮಳೇಲಿ ಬಂದ್ರಿ? ವಯಸ್ಸಾದೋರು. ಶೀತ ಆದಾತು, ಓಗಿ."

ಪುಟ್ಟನಂಜಮ್ಮ ಕೊಪ್ಪೆಯನ್ನು ಮುಂದಕ್ಕೆ ಎಳೆದುಕೊಂಡಳು. ಹಾಗೆಯೇ ವಾಪಸು ಬಂದಳು.

ಬುಧವಾರ ಮಳೆ ಬಿಟ್ಟಿತು. ಜನ ಬಿಸಿಲು ಕಾಯಿಸಿಕೊಳ್ಳಲು ಪುಟ್ಟನಂಜಮ್ಮನ ಮನೆ ಎದುರಿನ ಜಗಲಿಯಲ್ಲಿ ಕೂತರು. ಅವಳು ಒಳಗೆ ಅವರೆಕಾಳು ಹಿಸುಕುತ್ತಿದ್ದಳು. ಪುಟ್ಟಬಸಪ್ಪನ ದನಿ ಬಾಗಿಲು ದಾಟಿ ಬರುತ್ತಿತ್ತು.

"ಉಪ್ಪು ಸುಳ್ಳಾಯ್ತು ಅಂದೋನು ಯಾವನ್ಲಾ? ಮಳೆ ಇಡ್ಕಂಡಿದ್ದು ಯಾವತ್ತು? ಶನಿವಾರ. ಅಮಾಸೆ ಯಾವತ್ತು? ಭಾನುವಾರ. ಅಂದ್ರೆ ಇನ್ನೂ ಕಾರ್ತಿಕ! ಕಾರ್ತಿಕದ ಅರಳು ಕರಗಿತ್ತೋ ಇಲ್ವೋ?"

"ಸೋಮವಾರ, ಮಂಗಳವಾರಾನೂ ಸುರೀತಲ್ಲ ಮಾವ?"

"ಅದು ಕಾರ್ತಿಕದ ಮಳೆಯ ಬಾಲ ಕಣ್ಲಾ. ಅಸೂನ ಬಾಲ ಪಕ್ಕದ ಒಲಕ್ಕೆ ಬಿದ್ರೆ ಅಸೂನೂ ಪಕ್ಕದೋರ್ದಾಯ್ತದಾ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಒಂದು ನೆಮ್ಮದಿಯೂ ಇತ್ತು. ಉಪ್ಪು ಉಳಿದುಕೊಂಡಿತು. ಹನ್ನೊಂದು ಕುರಿಗಳ ಮಾತು ಯಾರೂ ಎತ್ತಲಿಲ್ಲ.

ಪುಟ್ಟನಂಜಮ್ಮನಿಗೂ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕೈ ಕಾಳು ಹಿಸುಕುತ್ತಿದ್ದಂತೆ ಮನಸ್ಸು ಎಂದೂ ಮಾಡದ ಕೆಲಸಕ್ಕೆ ಕೈ ಹಾಕಿತು, ಒಂದೊಂದೇ ಚಳಿಗಾಲವನ್ನು ಎದುರಿಗೆ ಕರೆದು ನಿಲ್ಲಿಸಿತು. ಶಿವಮೂರ್ತಿಯ ಮದುವೆಯ ವರ್ಷ ಪುಷ್ಯದ ಹರಳು ಒಣಗಿತ್ತು, ಚಪ್ಪರ ತೊಯ್ದು ನೆಂಟರು ದನದ ಕೊಟ್ಟಿಗೆಯಲ್ಲಿ ಉಂಡರು. ಅತ್ತೆ ಸತ್ತ ವರ್ಷ ಎರಡು ಹರಳು ಕರಗಿದ್ದವು, ಒಂದು ಹನಿಯೂ ಬೀಳಲಿಲ್ಲ. ಬಾವಿ ತೋಡಿಸಿದ ವರ್ಷ ಹೇಳಿದ್ದು ಹೇಳಿದಂತೆ ಆಯಿತು. ಹೀಗೆ ನೆನಪಿಗೆ ಬಂದವುಗಳಲ್ಲಿ ಆದದ್ದು ಒಂಬತ್ತು, ಆಗದ್ದು ಹತ್ತು. ಮಿಕ್ಕವಕ್ಕೆಲ್ಲ ಯಾರೋ ಒಬ್ಬ ಪುಟ್ಟಬಸಪ್ಪ ಒಂದು ಬಾಲ ಅಂಟಿಸಿದ್ದ. ಆದದ್ದನ್ನು ಊರು ನೆನಪಿಟ್ಟುಕೊಂಡಿತ್ತು, ಆಗದ್ದನ್ನು ಅವಳೊಬ್ಬಳೇ. ಅವಳೂ ಇಷ್ಟು ದಿನ ಒಟ್ಟಿಗೆ ಎಣಿಸಿರಲಿಲ್ಲ.

ಅತ್ತೆ ಹೇಳುತ್ತಿದ್ದ ರೀತಿಯೇ ಬೇರೆ. ಉಪ್ಪು ಇಂಥದ್ದು ಹೇಳಿತು ಎನ್ನುವಳು, ಅದರ ಬೆನ್ನಿಗೇ, "ಮೆದೆಗೆ ಮಾತ್ರ ಸೋಗೆ ಒದಿಸ್ಬುಡಿ," ಎನ್ನುವಳು. ಒಮ್ಮೆಯೂ ಎರಡನೆಯ ಮಾತು ಬಿಟ್ಟವಳಲ್ಲ. ಅದು ತನ್ನ ಬಾಯಿಂದ ಯಾವ ವರ್ಷ ಉದುರಿಹೋಯಿತೆಂದು ಪುಟ್ಟನಂಜಮ್ಮ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೇಳುವವರು ಹೆಚ್ಚಿದ ಹಾಗೆ ಹೇಳುವ ಮಾತು ಚಿಕ್ಕದಾಗುತ್ತ ಬಂದಿರಬೇಕು. ಈ ಸಲ ಅದು ಒಂದೇ ಪದಕ್ಕೆ ಬಂದು ನಿಂತಿತ್ತು. ಕತ್ರಿಸು.

ಮುಂದಿನ ವಾರ ಪುಟ್ಟನಂಜಮ್ಮನ ಹೊಲದಲ್ಲಿ ಹುರುಳಿ ಕೀಳಲು ಆರು ಜನ ಹೆಂಗಸರು ಬಂದರು. ಆರನೆಯವಳು ಮಾದಿ. ಆರು ಕುರಿಯಿಂದ ಮನೆ ನಡೆಯುವುದಿಲ್ಲ ಎನ್ನುವುದಕ್ಕೆ ಯಾರೂ ಉಪ್ಪು ನೋಡಬೇಕಾಗಿರಲಿಲ್ಲ. ಅವಳು ಸಾಲಿನ ತುದಿಯಲ್ಲಿ ನಿಂತು, ಎರಡು ವರ್ಷ ಬಿಟ್ಟಿದ್ದ ಕೆಲಸವನ್ನು ನಿನ್ನೆ ಬಿಟ್ಟವಳ ಹಾಗೆ ಶುರು ಮಾಡಿದಳು. ಸೊಂಟ ಮಾತ್ರ ನಡುನಡುವೆ ಹಿಡಿದುಕೊಳ್ಳುತ್ತಿದ್ದಳು.

ಹೊತ್ತು ನೆತ್ತಿಗೆ ಬಂದಾಗ ಪುಟ್ಟನಂಜಮ್ಮ ಮಜ್ಜಿಗೆಯ ಪಾತ್ರೆ ಹೊತ್ತು ಬದುವಿಗೆ ಬಂದಳು. ಉಳಿದವರು ಕುಡಿದು ಮರದ ನೆರಳಿಗೆ ಹೋಗುವ ತನಕ ಕಾದಳು.

"ಮಾದಿ, ಆವತ್ತು ಇಲಿ ಕಾಟ ಅಂದ್ನಲ್ಲ. ಇಲಿ ಇರ್ನಿಲ್ಲ ಕಣಮ್ಮಿ. ಫೋನಲ್ಲಿ ಮಳೆ ಅಂತ ಬಂದಿತ್ತು. ಅದಕ್ಕೇ ಮಗ ಒದಿಸ್ದ. ನಾನು ನಿಂಗೆ ಏಳ್ನಿಲ್ಲ."

ಮಾದಿ ಲೋಟ ಕೆಳಗಿಟ್ಟಳು. "ಇಲಿಗೆ ಯಾರಾದ್ರೂ ಟಾರ್ಪಾಲು ಒದಿಸ್ತಾರಾ ಅವ್ವಾರೇ? ಒಳಗೆ ಬೆಚ್ಚಗೆ ಮರಿ ಆಕ್ತವೆ. ನಂಗೆ ಆಗ್ಲೇ ಗೊತ್ತಾಯ್ತು."

"ಗೊತ್ತಾಯ್ತಾ? ಮತ್ಯಾಕಮ್ಮಿ ಕತ್ರಿಸ್ದೆ?"

"ಟಾರ್ಪಾಲು ನಿಮ್ಮ ಮಗಂದು. ಮಾತು ನಿಮ್ದು. ನಾನು ಮಾತು ಇಡ್ಕಂಡೆ."

ಪುಟ್ಟನಂಜಮ್ಮ ಬದುವಿನ ಮೇಲೆ ಕೂತಳು. "ಉಪ್ಪು ಎಷ್ಟೋ ಸತಿ ಸುಳ್ಳು ಏಳ್ಬುಟ್ಟದೆ ಕಣಮ್ಮಿ. ಈಗ ಕುಂತು ಎಣಿಸ್ದೆ. ಎಲ್ಡರಲ್ಲಿ ಒಂದು ಸತೀನೂ ಸರಿಯಾಗಿಲ್ಲ."

"ಅಂಗನ್ಬ್ಯಾಡಿ." ಮಾದಿಯ ದನಿ ಮೊದಲ ಸಲ ಗಡುಸಾಯಿತು. "ಪುಟ್ಟಬಸಪ್ಪನೋರು ಏಳುದ್ರು, ಅದು ಕಾರ್ತಿಕದ ಮಳೆ ಅಂತ. ಅಮಾಸೆ ಕಳೀಲಿ ಅಂತ ನಾನೇ ತಡೀಬೇಕಿತ್ತು. ನಂದೇ ತಪ್ಪು ಅಂದ್ರೆ ಮುಂದ್ಕೆ ಉಷಾರಾಗಿರ್ಬೋದು. ಉಪ್ಪೇ ಸುಳ್ಳು ಅಂದ್ರೆ ನಾನು ಯಾವುದ್ನ ಇಡ್ಕಳ್ಳಿ?"

ಆಮೇಲೆ ಮಾದಿಯೇ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದಳು.

"ಉಳಿದ ಆರಲ್ಲಿ ಮೂರು ಗಬ್ಬ ಅವೆ. ಪುಷ್ಯದಲ್ಲಿ ಈಯ್ತವೆ. ಪುಷ್ಯದ ಅರಳು ಎಂಗಿತ್ತು ಅವ್ವಾರೇ? ದೊಡ್ಡೀಲೇ ಬುಡ್ಲಾ, ಎಂಗೆ?"

ಪುಷ್ಯದ ಹರಳು ಪುಟ್ಟನಂಜಮ್ಮನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಂಚು ಮಾತ್ರ ತೇವ, ನಡುವೆ ಬಿಳಿ. ಹೇಳುವುದಕ್ಕೆ ನಾಲಿಗೆ ತಾನಾಗಿ ಏಳುತ್ತಿತ್ತು.

"ಗೊತ್ತಿಲ್ಲ," ಎಂದಳು. "ನಂಗೆ ಗೊತ್ತಾಗಕ್ಕಿಲ್ಲ ಕಣಮ್ಮಿ. ಒಳಗೆ ಕಟ್ಟು."

"ಒಳಗೆ ಜಾಗ ಎಲ್ಲದೆ? ನಾವೇ ನಾಕು ಜನ ಕಾಲು ಮಡಚ್ಕಂಡು ಮಲಗ್ತೀವಿ. ಒಳಗೆ ಕಟ್ಟೋ ಅಂಗಿದ್ರೆ ನಿಮ್ಮ ಕೇಳೋಕೆ ಯಾಕೆ ಬತ್ತಿದ್ದೆ?"

"ನಮ್ಮ ಕೊಟ್ಟಿಗೇಲಿ ಕಟ್ಟು. ಜಾಗ ಅದೆ."

ಮಾದಿ ಅವಳ ಮುಖ ನೋಡಿದಳು. ಆಮೇಲೆ ಇಬ್ಬರ ಕಣ್ಣೂ ಹೊಲದ ಆ ತುದಿಗೆ ಹೋದವು. ಅಲ್ಲಿ ಶಿವಮೂರ್ತಿ ಹುರುಳಿ ಹೊರೆ ಬಿಗಿಯುತ್ತಿದ್ದ. ಮಾದಿಯ ಮನೆಯವರು ಆ ಕೊಟ್ಟಿಗೆಯ ಹೊಸ್ತಿಲು ದಾಟಿದ್ದು ಸಗಣಿ ಬಾಚುವುದಕ್ಕೆ ಮಾತ್ರ. ಅವನನ್ನು ಕೂಗಿ ಕೇಳಬಹುದಿತ್ತು. ಇಬ್ಬರೂ ಕೂಗಲಿಲ್ಲ.

"ಆಯ್ತು ಬುಡಿ ಅವ್ವಾರೇ," ಎಂದು ಮಾದಿ ಎದ್ದಳು. ಸೊಂಟಕ್ಕೆ ಸೆರಗು ಬಿಗಿದು ಸಾಲಿಗೆ ನಡೆದಳು. ಉಳಿದವರೂ ಎದ್ದು ಬಂದು ಬಗ್ಗಿದರು. ಒಣಗಿದ ಹುರುಳಿ ಬಳ್ಳಿ ಕಿತ್ತು ಬರುವ ಸದ್ದಿನ ನಡುವೆ ಮಾದಿಯ ಮಾತು ಬದುವಿನ ತನಕ ಕೇಳಿಸಿತು.

"ಗುಮಟಾಪುರದಲ್ಲೂ ಒಬ್ರು ನೋಡ್ತಾರಂತಲ್ಲಕ್ಕ? ಉಪ್ಪಲ್ಲಲ್ಲ, ಬೂದೀಲಿ. ಅವರದು ತಪ್ಪಾಕಿಲ್ಲ ಅಂತಾರೆ, ನಿಜವಾ?"

"ಅಂಗಂತಾರಪ್ಪ," ಎಂದಳು ಪಕ್ಕದವಳು, ತಲೆ ಎತ್ತದೆ. "ಸೋಮವಾರ ಓಗುವ, ಬಾ. ನಂಗೂ ಕೇಳೋದದೆ."